ತಂಪಾಗಿದ್ದ ಕೋಣೆ

ಏಪ್ರಿಲ್ ಎರಡನೇ ವಾರದ ಸೋಮವಾರ ಬೆಳಿಗ್ಗೆ ಬ್ಯಾಡಗಿ ಪೊಲೀಸ್ ಠಾಣೆಗೆ ಕಳವಿನ ದೂರು ಬಂತು. ದೂರುದಾರ ವಿಜಯಮಹಾಂತೇಶ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಮಾಲೀಕ. ಹೊಸ ಕೋಣೆ ಕಟ್ಟಿ ಉಳಿದಿದ್ದ ಪಫ್ ಪ್ಯಾನೆಲ್‌ಗಳನ್ನು ಹಿತ್ತಲಿನಲ್ಲಿ ಇರಿಸಿದ್ದ. ಎರಡು ತೆಳು ತಗಡುಗಳ ನಡುವೆ ಫೋಮ್ ತುಂಬಿದ ಈ ಹಲಗೆಗಳು ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಭಾನುವಾರ ಮಧ್ಯಾಹ್ನ ಅವಷ್ಟೂ ಕಾಣೆಯಾಗಿದ್ದವು.

ಪಿಎಸ್ಐ ಸುಧಾರಾಣಿ ಎಫ್ಐಆರ್ ದಾಖಲಿಸಿ ಸ್ಥಳ ಪಂಚನಾಮೆ ಮುಗಿಸಿದರು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಒಂದು ಗೂಡ್ಸ್ ಗಾಡಿ ಕಂಡಿತು. ಹೆಡ್ ಕಾನ್‌ಸ್ಟೆಬಲ್ ಸಲಾವುದ್ದೀನ ಅದರ ನಂಬರಿನ ಬೆನ್ನು ಹತ್ತಿದರು. ಗಾಡಿ ಕುಪ್ಪೇಲೂರಿನ ಹನುಮೇಶನದು. ಈಗ ರಾಣೆಬೆನ್ನೂರಿನಲ್ಲಿ ವಾಸ. ಅದೇ ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಹೇರುವವನು.

ಅಂದು ಮಧ್ಯಾಹ್ನವೇ ಇಬ್ಬರೂ ಅವನ ಮನೆಗೆ ಹೋದರು. ತಗಡಿನ ಛಾವಣಿಯ ಒಂದೇ ಕೋಣೆ. ಹೊರಗೆ ನಿಂತರೆ ಮುಖ ಸುಡುತ್ತಿತ್ತು. ಒಳಗೆ ಕಾಲಿಟ್ಟ ಸಲಾವುದ್ದೀನ ಟೋಪಿ ತೆಗೆದು ಸುತ್ತ ನೋಡಿದರು. ಬರೀ ಫ್ಯಾನ್ ತಿರುಗುತ್ತಿತ್ತು, ಆದರೂ ಒಳಗೆ ತಂಪು. ತಗಡಿನ ಕೆಳಗೆ ಬಿಳಿ ಪ್ಯಾನೆಲ್‌ಗಳ ಹೊಸ ಮಾಳಿಗೆ. ಮೂಲೆಯಲ್ಲಿ ಏಳೆಂಟು ವರ್ಷದ ಹುಡುಗಿ ಗೊಂಬೆಗೆ ಜಡೆ ಹಾಕುತ್ತಿದ್ದಳು. ಅವಳ ತಲೆಯ ಮೇಲೆ ಕೂದಲು ತೀರ ವಿರಳ.

"ಇವನ್ನ ಎಲ್ಲಿಂದ ತಂದಿ?" ಎಂದು ಸುಧಾರಾಣಿ ಕೇಳಿದರು.

"ಹುಬ್ಬಳ್ಳಿ ಗುಜರಿಯಾಗ ತಗೊಂಡೇನ್ರಿ," ಎಂದ ಹನುಮೇಶ.

"ಭಾನುವಾರ ಬ್ಯಾಡಗಿಯಾಗ ಏನ್ ಮಾಡಾಕತ್ತಿದ್ದಿ?"

"ಖಾಲಿ ಚೀಲ ಇಳಿಸಾಕ ಹೋಗಿದ್ದೆ ರೀ."

ಅವನ ಹೆಂಡತಿ ಪ್ರೇಮವ್ವ ನೀರು ತಂದಿಟ್ಟಳು.

ಪ್ಯಾನೆಲ್‌ಗಳ ಮೇಲಿನ ಕಂಪನಿ ಹೆಸರು ಕೆರೆದು ಹೋಗಿತ್ತು. ಒಂದರ ಅಂಚಿನಲ್ಲಿ ಮಾತ್ರ ಚೀಟಿಯ ತುಂಡು ಉಳಿದಿತ್ತು. ಬಿಸಿ ಎಷ್ಟು ಸಾಗಿಸುತ್ತದೆ ಎಂಬ ಅಂಕಿ ಅದರಲ್ಲಿತ್ತು: ಉಷ್ಣವಾಹಕತೆ 0.16, ಬಿಟಿಯು ಎಂಬ ಹಳೆಯ ಇಂಗ್ಲಿಷ್ ಅಳತೆಯಲ್ಲಿ. ವಿಜಯಮಹಾಂತೇಶ ಕೊಟ್ಟಿದ್ದ ಬಿಲ್ಲಿನಲ್ಲಿದ್ದದ್ದು 0.023, ವ್ಯಾಟ್ ಲೆಕ್ಕದಲ್ಲಿ. ಸುಧಾರಾಣಿ ಬಿ.ಎಸ್ಸಿ ಓದಿದವರು. ಬಿಟಿಯು, ಅಡಿ, ಫ್ಯಾರನ್‌ಹೀಟಿನ ಲೆಕ್ಕವನ್ನು ವ್ಯಾಟ್, ಮೀಟರಿಗೆ ತರಲು 1.73ರಿಂದ ಗುಣಿಸಬೇಕು ಎಂದು ಮೊಬೈಲು ಹೇಳಿತು. ಗುಣಿಸಿದರು. 0.277 ಬಂತು. ಕಳುವಾದ ಮಾಲಿಗಿಂತ ಹನ್ನೆರಡು ಪಟ್ಟು.

"ಮಾಲು ಬ್ಯಾರೆ ಐತಿ," ಎಂದು ಸಲಾವುದ್ದೀನರಿಗೆ ಹೇಳಿ, ಚೀಟಿಯ ಫೋಟೊ ತೆಗೆದುಕೊಂಡು ಹೊರಬಂದರು. ಬಾಗಿಲಲ್ಲಿ ನಿಂತ ಹನುಮೇಶನ ಮುಖದ ಮೇಲೆ ಸಮಾಧಾನ ಕಾಣಲಿಲ್ಲ. ಅದನ್ನು ಅವರು ಗಮನಿಸಿದರು. ಆದರೆ ಮುಖ ನೋಡಿ ಯಾರನ್ನೂ ಹಿಡಿಯಲಾಗದು.

ಮರುದಿನ ಕೇಸ್ ಡೈರಿ ಬರೆಯುವಾಗ ಪೆನ್ನು ನಿಂತಿತು. 0.277 ಎಂದರೆ ಮರದ ಹಲಗೆಗಿಂತಲೂ ಸುಲಭವಾಗಿ ಬಿಸಿಯನ್ನು ಒಳಗೆ ಬಿಡುವ ವಸ್ತು. ಫೋಮ್ ಹಾಗಿರುವುದಿಲ್ಲ. ಆ ಮಾಳಿಗೆಯ ಕೆಳಗೆ ತಾವೇ ಕೂತಿದ್ದರು, ಬೆವರಿರಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಬಿಟಿಯು ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಅಳತೆ ಇತ್ತು, ಇಂಚು. ದಪ್ಪವನ್ನು ಇಂಚಿನಲ್ಲಿ ಹಿಡಿದ ಲೆಕ್ಕ ಅದು. ಹಾಗಿದ್ದರೆ 1.73 ಅಲ್ಲ, ಅದರ ಹನ್ನೆರಡನೇ ಒಂದು ಭಾಗ, 0.144. ಮತ್ತೆ ಗುಣಿಸಿದರು.

0.023.

ಸುಧಾರಾಣಿ ಎರಡೂ ಲೆಕ್ಕಗಳನ್ನು ಡೈರಿಯಲ್ಲಿ ಬರೆದರು. ಆಮೇಲೆ ವಿಜಯಮಹಾಂತೇಶನಿಗೆ ಫೋನ್ ಮಾಡಿದರು.

"ಹೌದ್ರಿ ಮೇಡಮ್, ಅಮೆರಿಕಾಕ್ಕ ಹೋಗಬೇಕಾಗಿದ್ದ ಮಾಲು. ಆರ್ಡರ್ ರದ್ದಾತು, ನಾ ತಗೊಂಡೆ. ಬಿಲ್ ಇಲ್ಲೀದು, ಚೀಟಿ ಅಲ್ಲೀದು. ಯಾಕ್ರಿ?"

ಕೋಲ್ಡ್ ಸ್ಟೋರೇಜಿನ ಹೊಸ ಕೋಣೆಯಲ್ಲಿ ಕತ್ತರಿಸಿ ಉಳಿದ ತುಂಡೊಂದರ ಮೇಲೆ ಅದೇ ಚೀಟಿ ಸಿಕ್ಕಿತು. ಪಂಚರ ಸಹಿ ಪಡೆದು ಅದನ್ನು ಜಪ್ತಿ ಮಾಡಿದರು.

ಮತ್ತೆ ರಾಣೆಬೆನ್ನೂರಿಗೆ ಹೋದಾಗ ಹುಡುಗಿ ಮಲಗಿದ್ದಳು. ಹನುಮೇಶ ಎದ್ದು ನಿಂತ.

"ಲೆಕ್ಕ ತಪ್ಪಿದ್ದೆ, ಹನುಮೇಶ," ಎಂದರು ಸುಧಾರಾಣಿ ಮೆಲ್ಲಗೆ. "ಇವು ಬ್ಯಾಡಗಿಯವ."

"ಹೌದ್ರಿ," ಎಂದ. "ಸಾವಕಾಶ ಮಾತಾಡ್ರಿ, ಅಂಜಲಿ ಈಗ ಮಲಗ್ಯಾಳ."

ಪ್ರೇಮವ್ವನಿಗೆ ಅಳು ಬಂತು. "ಆಕಿಗೆ ಬೆವರ ಬರೂದಿಲ್ರಿ. ಹುಟ್ಟಿದಾಗಿಂದ. ಮೈ ಕಾದ್ರ ಆರೂದಿಲ್ಲ. ಹ್ವಾದ ಬ್ಯಾಸಗಿಯಾಗ ಫಿಟ್ಸ್ ಬಂದು ಹಾವೇರಿ ದವಾಖಾನಿಗೆ ಒಯ್ದಿದ್ವಿ. ತಂಪಿನಾಗ ಇಡ್ರಿ ಅಂದ್ರು ಡಾಕ್ಟರು. ಈ ತಗಡಿನಾಗ ತಂಪು ಎಲ್ಲಿಂದ ತರೂನ್ರಿ? ಹಸಿ ಅರಬಿ ಹೊದಿಸಿ ಹೊದಿಸಿ ಸಾಕಾಗಿತ್ತು. ಈಗೂ ಒಯ್ದುಬಿಡ್ತೀರೇನ್ರಿ ಇವನ್ನ?"

ಸಲಾವುದ್ದೀನ ಮಾಳಿಗೆಯ ಕಡೆ ನೋಡಿದರು, ಆಮೇಲೆ ಸುಧಾರಾಣಿಯ ಕಡೆ. "ಇದನ್ನ ಬಿಚ್ಚಿ ಸಾಗಿಸೂದು ಅನುಕೂಲ ಇಲ್ರಿ ಮೇಡಮ್. ಹಂಗಿದ್ದಾಗ ಮುಚ್ಚಳಿಕಿ ಬರೆಸಿಕೊಂಡು ಇಲ್ಲೇ ಬಿಡಾಕ ಬರ್ತೈತಿ."

"ಬರೀರಿ," ಎಂದರು ಸುಧಾರಾಣಿ.

ಪ್ಯಾನೆಲ್‌ಗಳು ಇದ್ದಲ್ಲೇ ಜಪ್ತಾದವು. ಕೋರ್ಟು ಕೇಳಿದಾಗ ಹಾಜರುಪಡಿಸುವುದಾಗಿ ಪ್ರೇಮವ್ವ ಹೆಬ್ಬೆಟ್ಟು ಒತ್ತಿದಳು. ಹನುಮೇಶನ ಬಂಧನವಾಯಿತು. ಹೋಗುವ ಮುನ್ನ ಅವನು ಮಗಳ ಹತ್ತಿರ ಬಗ್ಗಿ, ಎಬ್ಬಿಸದೆ, ಹಣೆಯ ಮೇಲೆ ಅಂಗೈ ಇಟ್ಟು ನೋಡಿದ.

ಜೀಪಿನಲ್ಲಿ ಅವನು ತಾನಾಗಿಯೇ ಹೇಳಿದ. ಹಿಂದಿನ ತಿಂಗಳು ಚೀಲ ಇಳಿಸಲು ಹೋದಾಗ ಅಂಜಲಿಯನ್ನೂ ಕರೆದೊಯ್ದಿದ್ದ. ಕೋಲ್ಡ್ ಸ್ಟೋರೇಜಿನ ಹೊರಕೋಣೆಯಲ್ಲಿ, ಚೀಲಗಳಿಗೆ ಒರಗಿ, ಅವಳು ನಿದ್ದೆಹೋದಳು.

"ಅಲ್ಲೀತನಕ ಬ್ಯಾಸಗಿ ಮಧ್ಯಾನ್ನದಾಗ ಆಕಿ ಮಲಗಿದ್ದನ್ನ ನಾ ನೋಡೇ ಇರಲಿಲ್ರಿ. ಯಾವಾಗ್ಲೂ ಬಾಯಿ ತಕ್ಕೊಂಡು ಏದುಸಿರು ಬಿಡ್ತಿದ್ಲು. ಅವತ್ತ ಎಬ್ಬಿಸಾಕ ಮನಸ್ಸ ಬರಲಿಲ್ಲ. ಮಾಲೀಕರನ್ನ ಒಂದ ಮಾತ ಕೇಳಬೇಕಾಗಿತ್ತು. ಇಲ್ಲ ಅಂದ್ರ ಏನ್ ಮಾಡ್ಲಿ ಅಂತ ಹೆದರಿ ಕೇಳಲಿಲ್ರಿ."

ಬ್ಯಾಡಗಿಯ ನ್ಯಾಯಾಲಯ ಅಂದೇ ಅವನಿಗೆ ಜಾಮೀನು ನೀಡಿತು. ಹೊರಗೆ ವಿಜಯಮಹಾಂತೇಶ ನಿಂತಿದ್ದ. ಸಲಾವುದ್ದೀನ ಅವನಿಗೆ ಎಲ್ಲವನ್ನೂ ಹೇಳಿದ್ದರು. ಅವನು ಹನುಮೇಶನನ್ನು ಬೈಯಲೂ ಇಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ.

"ತಗಡಿಗೂ ಮಾಳಿಗಿಗೂ ನಡುವ ಗಾಳಿ ಆಡಾಕ ಜಾಗಾ ಬಿಟ್ಟೀಯೇನು?" ಎಂದು ಕೇಳಿದ.

"ಇಲ್ರಿ."

"ಬಿಡಬೇಕಿತ್ತು. ನಾಳೆ ನಮ್ಮ ಫಿಟರ್‌ನ ಕಳಸ್ತೇನಿ. ಹೋಗು, ಬಸ್ ಬಂತು."