ಕಪಾಟಿನಲ್ಲಿ ಉಳಿದದ್ದು

ನಂಬುವವರು ನಂಬಲಿ. ನಾನು ಚರ್ಚಿನ ಬಾಗಿಲು ಕಾಯುವವನು. ಕಳ್ಳತನ ಹೆಚ್ಚಾದ ಮೇಲೆ ನಮ್ಮ ಚರ್ಚಿಗೆ ಬರುವ ಬಹಳ ಮಂದಿ ಪಿಸ್ತೂಲು ಇಟ್ಟುಕೊಂಡರು. ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಯೇಸುವಿನ ಮುಂದೆ ಮೊಣಕಾಲೂರುವುದು ಬೇಡವೆಂದು ಫಾದರ್ ಹೇಳಿಬಿಟ್ಟರು. ಹಾಗಾಗಿ ಭಾನುವಾರ ಬಲಿಪೂಜೆಗೆ ಮುಂಚೆ ಎಲ್ಲರ ಪಿಸ್ತೂಲನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕುವುದು ನನ್ನ ಪಾಲಿಗೆ ಬಂತು.

ನನ್ನ ಹತ್ತಿರ ಪಿಸ್ತೂಲಿಲ್ಲ. ಆಸೆಯಾಗುತ್ತಿದ್ದದ್ದು ನಿಜ. ಇದು ಸೈತಾನ ಒಡ್ಡುವ ಶೋಧನೆ ಎಂದುಕೊಂಡು ಶಿಲುಬೆ ಗುರುತು ಹಾಕಿಕೊಂಡು ಸುಮ್ಮನಾಗುತ್ತಿದ್ದೆ.

ಹೋದ ಭಾನುವಾರ ಎಲ್ಲರೂ ತಮ್ಮತಮ್ಮದನ್ನು ತೆಗೆದುಕೊಂಡು ಹೋದ ಮೇಲೂ ಒಂದು ಉಳಿದಿತ್ತು. ಕಪಾಟು ತಣ್ಣಗಿತ್ತು. ಅದು ಮಾತ್ರ ಯಾರೋ ಈಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು.

“ಫಾದರ್, ಇದ್ಯಾರದು?”

ಅವರು ನಕ್ಕರು. “ತಮಾಷೆ ಮಾಡ್ತೀರಾ? ನಿಮ್ದೇ ಅಲ್ವಾ! ಪ್ರತಿ ವಾರ ಕೊನೇಲಿ ನೀವೇ ತಗೊಂಡು ಹೋಗ್ತೀರಲ್ಲ.”

ನನಗೆ ತಲೆಬುಡ ತಿಳಿಯಲಿಲ್ಲ. ಅದನ್ನು ಅಲ್ಲೇ ಬಿಟ್ಟು ಬೀಗ ಹಾಕಿ, ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

“ಅಲ್ಲೇ ಬಿಟ್ಟು ಬಂದ್ರಾ? ಒಳ್ಳೇದಾಯ್ತು ಬಿಡಿ. ನಿಮ್ಮ ದಿಂಬಿನ ಕೆಳಗೆ ಎಷ್ಟು ಉಜ್ಜಿದ್ರೂ ಆ ಎಣ್ಣೆ ಕಲೆ ಹೋಗ್ತಾನೇ ಇಲ್ಲ.”

ಒಳಗೆ ಹೋಗಿ ನನ್ನ ದಿಂಬು ಎತ್ತಿದೆ. ಹಾಸಿಗೆಯ ಮೇಲೆ ಪಿಸ್ತೂಲಿನ ಆಕಾರದಲ್ಲೇ ಎಣ್ಣೆಯ ಕಲೆಯಿತ್ತು. ಮುಟ್ಟಿದೆ. ಬೆಚ್ಚಗಿತ್ತು.