ಎಂಟನೆಯ ದಿನ ನಿಂತ ಗುಳಿಗೆ

ಜೀವಾಣು ವಾಚಕ ಎಂಬ ಯಂತ್ರಕ್ಕೆ ಒಂದು ಹನಿ ರಕ್ತ ಸಾಕು. ಫಕೀರಪ್ಪನ ರಕ್ತ ಹೀರಿದ ಹನ್ನೊಂದೇ ನಿಮಿಷಕ್ಕೆ ಅದು ಸ್ಪಷ್ಟ ಕನ್ನಡದಲ್ಲಿ ಹೇಳಿತು: "ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ. ಇಪ್ಪತ್ತಾರು ಔಷಧಗಳನ್ನು ಪರೀಕ್ಷಿಸಿದೆ. ಯಾವುದೂ ಕೆಲಸ ಮಾಡುವುದಿಲ್ಲ."

ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕನ್ನಡ ಕಲಿಸಿದವರು, ಅದನ್ನು ರೂಪಿಸಿದ ಡಾ. ಮಂದಾಕಿನಿಯವರೇ. ವೈದ್ಯರು ಇಂಗ್ಲಿಷಿನಲ್ಲಿ ಗುಸುಗುಸು ಮಾಡುವುದು, ಮನೆಯವರು ಕಣ್ಣು ಕಣ್ಣು ಬಿಡುತ್ತ ನಿಲ್ಲುವುದು ಅವರಿಗೆ ಸೇರದು. ಯಾರು ಕೇಳಿದರೂ ಯಂತ್ರ ಸತ್ಯವನ್ನೇ ಹೇಳಬೇಕೆಂದು ಹಟ ಹಿಡಿದಿದ್ದರು. ಒಳ್ಳೆಯ ಹಟವೇ, ಯಾರು ಬೇಡವೆಂದರು!

ಮೂರು ತಿಂಗಳ ಹಿಂದೆ ಫಕೀರಪ್ಪನಿಗೆ ಯಕೃತ್ತಿನ ಕಸಿಯಾಗಿತ್ತು. ತನ್ನ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಕೊಟ್ಟವಳು ಹೆಂಡತಿ ಪಾರವ್ವ. ದೇಹ ಹೊಸ ಅಂಗವನ್ನು ಹೊರದಬ್ಬಬಾರದೆಂದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿರುತ್ತಾರೆ. ನೆಂಟರು ಬರಲೆಂದು ನಾಯಿಯನ್ನು ಕಟ್ಟಿಹಾಕಿದರೆ ಕಳ್ಳನೂ ಅದೇ ಬಾಗಿಲಲ್ಲಿ ಬರುತ್ತಾನೆ.

"ಹೋದ ಸಲ ಇದಽ ಜ್ವರ ಗುಳಿಗಿಗೆ ಇಳೀತಲ್ರೀ ಡಾಕ್ಟರ ಬಾಯಾರ?" ಎಂದಳು ಪಾರವ್ವ.

"ಆಗ ಕೊನೆಯದೊಂದು ಔಷಧ ಉಳಿದಿತ್ತಮ್ಮ. ಈಗ ಅದಕ್ಕೂ ಬಗ್ಗುತ್ತಿಲ್ಲ."

"ಯಾಕ ಬಗ್ಗವಲ್ದು?"

ಮಂದಾಕಿನಿ ಬಾಯಿ ತೆರೆಯುವುದರೊಳಗೆ ಯಂತ್ರವೇ ಉತ್ತರಿಸಿತು. ಬ್ಯಾಕ್ಟೀರಿಯಾ ಯಾವ ಮದ್ದನ್ನು ಎಷ್ಟು ದಿನ ಎದುರಿಸಿತು ಎಂಬುದನ್ನು ಅದರ ವಂಶವಾಹಿಯಿಂದಲೇ ಓದಬಲ್ಲ ಯಂತ್ರ ಅದು; ವೈದ್ಯರು ಬರೆದುಕೊಟ್ಟ ಚೀಟಿಯೂ ಅದರೊಳಗಿತ್ತು. "ಇಪ್ಪತ್ತೊಂದು ದಿನದ ಔಷಧ ಎಂಟನೆಯ ದಿನಕ್ಕೆ ನಿಂತಿದೆ. ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಆ ಔಷಧವನ್ನು ಗೆದ್ದಿವೆ."

ಪಾರವ್ವ ಯಂತ್ರದ ಹತ್ತಿರ ಬಂದಳು. "ಜ್ವರ ಬಿಟ್ಟಿತ್ರೀ. ಬಾಯಿ ತುಂಬ ಹುಣ್ಣು, ಒಂದು ತುತ್ತು ಇಳೀತಿದ್ದಿಲ್ಲ. ಗುಳಿಗಿ ಭಾಳ ಉಷ್ಣ ಅಂತ ನಾನಽ ನಿಲ್ಲಿಸಿದೆ. ತಂಪಾಗ್ಲಿ ಅಂತ ಮಜ್ಜಿಗಿ ಕೊಟ್ಟೆ."

ಉಷ್ಣವಂತೆ! ಅವಳನ್ನು ಬೈಯಲು ನನಗೂ ಬಾಯಿಲ್ಲ. ನಮ್ಮಲ್ಲಿ ಯಾವ ಮನೆಯಲ್ಲಿ ಈ ಮಾತು ನಡೆಯುವುದಿಲ್ಲ ಹೇಳಿ?

"ಅದೊಂದೇ ಕಾರಣ ಅಂತಲ್ಲಮ್ಮ," ಎನ್ನುತ್ತ ಮಂದಾಕಿನಿ ಯಂತ್ರ ಆರಿಸಲು ಹೋದರು. ಪಾರವ್ವ ಅವರ ಕೈ ಸರಿಸಿ ಯಂತ್ರವನ್ನೇ ಕೇಳಿದಳು: "ಪೂರಾ ಕೊಟ್ಟಿದ್ರ ಉಳೀತಿದ್ರೇನ?"

"ಉಳಿಯುವ ಸಾಧ್ಯತೆ ನೂರಕ್ಕೆ ತೊಂಬತ್ತು ಇತ್ತು."

"ಅಯ್ಯೋ ಶಿವನಽ! ಹೊಟ್ಟಿ ಕೊಯ್ಸಿಕೊಂಡು ಕೊಟ್ಟಾಕೀನೂ ನಾನಽ, ಕೊಂದಾಕೀನೂ ನಾನಽ!" ಇನ್ನೂ ಪೂರ್ತಿ ಮಾಯದ ಹೊಟ್ಟೆಯನ್ನು ಅವಳು ಬಡಿದುಕೊಂಡ ಸದ್ದು ಇಡೀ ವಾರ್ಡಿಗೆ ಕೇಳಿತು. ಮೂರನೆಯ ದಿನ ಫಕೀರಪ್ಪ ತೀರಿಕೊಂಡ.

ಮಾತು ಹಾಸಿಗೆಯಿಂದ ಹಾಸಿಗೆಗೆ ಹಬ್ಬಿತು. ಅದೇ ವಾರ್ಡಿನಲ್ಲಿ ಕಸಿಯಾಗಿದ್ದ ತನ್ನ ಮಗಳಿಗೆ ಜ್ವರ ಏರಿ, ರಕ್ತ ತೆಗೆಯಲು ಬಂದಾಗ ಮಲ್ಲೇಶಪ್ಪ ಎಂಬ ನೇಕಾರ ಅವಳ ತೋಳಿಗೆ ಅಡ್ಡ ಕೈಯಿಟ್ಟ. "ಆ ಮಷಿನ್ನಿಗೆ ರಕ್ತ ಕೊಡೂದಿಲ್ರಿ. ನಾವೂ ಏನೇನು ತಪ್ಪು ಮಾಡೀವೋ ಏನೋ, ಅದು ನಮಗ ಗೊತ್ತಾಗೂದು ಬ್ಯಾಡ. ಯಾವುದಾರ ಒಂದು ಔಷಧ ಕೊಟ್ಟುಬಿಡ್ರಿ."

ಯಂತ್ರದ ಬಾಯಿ ಮುಚ್ಚಿಸುತ್ತೇನೆ ಎಂದು ಮಂದಾಕಿನಿ ಗೋಗರೆದರು. "ಅದು ಸುಮ್ಮನಿದ್ರೂ ನಿಮಗ ತೋರಿಸ್ತದಲ್ರೀ. ನಿಮ್ಮ ಮಾರಿ ನೋಡಿದ್ರ ನನಗ ತಿಳೀತದ," ಎಂದ ಅವನು. ಬೇರೆ ದಾರಿಯಿಲ್ಲದೆ ಅವರು ಅಂದಾಜಿನ ಮೇಲೆ ಒಂದು ಔಷಧ ಬರೆದರು.

ನಾಲ್ಕನೆಯ ದಿನ ಹುಡುಗಿ ಹೋದಳು. ಆಮೇಲೆ ಮಂದಾಕಿನಿ, ಜ್ವರದಲ್ಲಿದ್ದಾಗ ಬೇರೆ ಪರೀಕ್ಷೆಗೆಂದು ತೆಗೆದು ಪ್ರಯೋಗಾಲಯದಲ್ಲಿ ಉಳಿದಿದ್ದ ಅವಳ ರಕ್ತವನ್ನು ಒಬ್ಬರೇ ಪರೀಕ್ಷಿಸಿದರು. ಮನೆಯವರ ತಪ್ಪೇನೂ ಇರಲಿಲ್ಲ. ಮೂರು ಔಷಧಗಳು ಅವಳ ಜ್ವರಕ್ಕೆ ನಾಟುತ್ತಿದ್ದವು, ಮೂರೂ ಆಸ್ಪತ್ರೆಯಲ್ಲೇ ಇದ್ದವು; ಅಂದಾಜಿನ ಮೇಲೆ ಬರೆದದ್ದು ಮಾತ್ರ ಆ ಮೂರರಲ್ಲಿ ಇರಲಿಲ್ಲ.

ಇದನ್ನು ಅವರು ಮಲ್ಲೇಶಪ್ಪನಿಗೆ ಇಂದಿಗೂ ಹೇಳಿಲ್ಲ.