ಮೂರನೆಯ ಗಂಟೆಯ ನಂತರ

ಎಲ್ವೀರಾ ಎರಡು ತಿಂಗಳಿಂದ ಅಮಾರೊನ ಮುಖ ನೋಡಿರಲಿಲ್ಲ. ನಿಶ್ಚಯವಾಗಿದ್ದ ಮದುವೆ ಬೇಡವೆಂದು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಕಾರಣ ಕೇಳಲು ಅವನ ಬಡಗಿ ಅಂಗಡಿಗೆ ಹೋದಾಗಲೆಲ್ಲ ಬಾಗಿಲು ಮುಚ್ಚಿರುತ್ತಿತ್ತು.

ಆದರೆ ತೊಮಾರ್ ಊರಿನಲ್ಲಿ ರೊಟ್ಟಿಬುಟ್ಟಿಯ ಹಬ್ಬ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಪವಿತ್ರಾತ್ಮನ ಹೆಸರಿನಲ್ಲಿ ಹೆಣ್ಣು ತನ್ನಷ್ಟೇ ಎತ್ತರದ ಬುಟ್ಟಿಯನ್ನು ತಲೆಯ ಮೇಲೆ ಹೊರಬೇಕು. ಜೊತೆಗೊಬ್ಬ ಗಂಡು ನಡೆಯಬೇಕು. ಎಲ್ವೀರಾಳ ಜೊತೆಗೆ ಅಮಾರೊ ಎಂದು ಚಳಿಗಾಲದಲ್ಲೇ ಪಟ್ಟಿಯಲ್ಲಿ ಬರೆಸಿಯಾಗಿತ್ತು. ಹೆಸರು ಬದಲಿಸೋಣವೇ ಎಂದು ಅತ್ತಿಗೆ ಕೇಳಿದರೂ ಅವಳು ಒಪ್ಪಲಿಲ್ಲ. ಮೆರವಣಿಗೆಯ ಮೂರು ಗಂಟೆ ಹೊತ್ತು ಅವನು ಪಕ್ಕದಲ್ಲಿರುತ್ತಾನೆ. ಅಷ್ಟಾದರೂ ಸಿಗಲಿ ಎಂದುಕೊಂಡಳು.

ಅವನು ಬಂದ. ಬಿಳಿ ಶರ್ಟು, ಅವಳು ಎದೆಗಡ್ಡ ಕಟ್ಟಿದ್ದ ಪಟ್ಟಿಯದೇ ಕೆಂಪು ಬಣ್ಣದ ಟೈ. ಟೈ ಓರೆಯಾಗಿತ್ತು. ಅವಳು ಸರಿಪಡಿಸುವಷ್ಟು ಹೊತ್ತೂ ಅವನು ಉಸಿರು ಬಿಗಿಹಿಡಿದು ನಿಂತಿದ್ದ.

ಮೆರವಣಿಗೆ ಹೊರಡಲು ಇಗರ್ಜಿಯ ಗಂಟೆ ಮೂರನೆಯ ಸಲ ಹೊಡೆದಾಗ ಚೌಕದಲ್ಲಿದ್ದ ನೂರಾರು ಬುಟ್ಟಿಗಳು ಒಟ್ಟಿಗೆ ಮೇಲೆದ್ದವು. ಒಂದೊಂದರಲ್ಲೂ ಮೂವತ್ತು ರೊಟ್ಟಿ, ಸುತ್ತ ಕಾಗದದ ಹೂ. ಅವಳ ಕತ್ತು ನೆಟ್ಟಗಾಯಿತು. ಇನ್ನು ಅತ್ತಿತ್ತ ತಿರುಗುವಂತಿರಲಿಲ್ಲ.

"ಬೇರೆ ಯಾರಾದ್ರೂ ಇದ್ದಾಳಾ?" ಎಂದು ನೇರ ಮುಂದೆ ನೋಡುತ್ತಲೇ ಕೇಳಿದಳು.

"ಇದ್ದಾಳೆ ಅಂತಾನೇ ಅಂದ್ಕೋ."

"ಹಾಗಾದ್ರೆ ಹೆಸರು ಹೇಳು."



ಬೀದಿ ಕಿರಿದಾಗುವಲ್ಲಿ ಒಂದು ಮೆಟ್ಟಿಲು. ನಡುಮಧ್ಯಾಹ್ನದ ಬಿಸಿಲು. ಅಮಾರೊ ಎಡವಿ ಮಂಡಿಯೂರಿ ಬಿದ್ದ. ಎದ್ದವನ ಕೈ ಅವಳ ಮೊಣಕೈಗಾಗಿ ಗಾಳಿಯಲ್ಲಿ ತಡಕಾಡಿದ್ದು ಅವಳಿಗೆ ತಿಳಿಯಿತು.

"ಅಮಾರೊ, ಮೆಟ್ಟಿಲು ಕಾಣ್ಲಿಲ್ವಾ?"

ಅವನು ನಡೆಯುತ್ತಲೇ ಎಲ್ಲ ಹೇಳಿದ. ಮೊದಲು ಕತ್ತಲಲ್ಲಿ ಕಾಣುತ್ತಿರಲಿಲ್ಲ. ಆಮೇಲೆ ಅಕ್ಕಪಕ್ಕದ್ದು ಅಳಿಸತೊಡಗಿತು. ಇದಕ್ಕೆ ಮದ್ದಿಲ್ಲವೆಂದು ಕೊಯಿಂಬ್ರಾ ಪಟ್ಟಣದ ಡಾಕ್ಟರು ಹೇಳಿದ್ದರು.

"ಮುಂದಿನ ಹಬ್ಬಕ್ಕೆ ನೀನೂ ಕಾಣಲ್ಲ ನಂಗೆ. ಕುರುಡನ್ನ ಕಟ್ಕೊಂಡು ನೀನ್ಯಾಕೆ ಸಾಯ್ಬೇಕು?"

ಅವಳ ಕಣ್ಣೀರು ಗಲ್ಲದಿಂದ ಕತ್ತಿಗೆ ಇಳಿಯಿತು. ಬುಟ್ಟಿ ಹಿಡಿದ ಕೈ ತೆಗೆದು ಒರೆಸಿಕೊಳ್ಳುವಂತಿರಲಿಲ್ಲ.

"ಹೊರಟಾಗಿಂದ ನಾನೂ ನಿನ್ನ ನೋಡಿಲ್ಲ," ಎಂದಳು. "ತಿರುಗಿದ್ರೆ ಬುಟ್ಟಿ ಬೀಳುತ್ತೆ. ಪಕ್ಕದಲ್ಲಿದ್ದೀಯ ಅಂತ ಗೊತ್ತು, ಅದಕ್ಕೇ ನಡೀತಿದ್ದೀನಿ. ಎರಡು ತಿಂಗಳು ಒಂದು ಹೆಜ್ಜೆ ಇಡೋಕೂ ಆಗ್ತಿರ್ಲಿಲ್ಲ ಅಮಾರೊ."

ಸೇತುವೆಯ ಹತ್ತಿರ ಅವಳ ಕತ್ತು ಸೋತಿತು. ಅವನು ಬುಟ್ಟಿಯನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಅವಳು ಅವನ ತೋಳು ಹಿಡಿದು, ಕಲ್ಲು ಬಂದಲ್ಲಿ ಕಲ್ಲು, ಇಳಿಜಾರು ಬಂದಲ್ಲಿ ಇಳಿಜಾರು ಎಂದು ಹೇಳುತ್ತ ನಡೆದಳು. ಕಿಟಕಿಗಳಿಂದ ಹೂವಿನೆಸಳು ಸುರಿಯುತ್ತಿದ್ದವು.

"ಪಾದ್ರಿಗಳು ನಮ್ಮ ಮದುವೆ ದಿನಾನ ಬೇರೆ ಯಾರಿಗೋ ಕೊಟ್ಟಿರ್ತಾರೆ," ಎಂದ ಅವನು ಕೊನೆಗೆ.

"ಇಲ್ಲ. ನಾನು ಮದುವೆ ನಿಂತ್ಹೋಯ್ತು ಅಂತ ಅವರಿಗೆ ಹೇಳ್ಲೇ ಇಲ್ಲ."

ಅಷ್ಟೂ ರೊಟ್ಟಿಯ ಭಾರ ಹೊತ್ತುಕೊಂಡೇ ಅಮಾರೊ ಬೀದಿಯ ನಡುವೆ ನಿಂತು ಅತ್ತುಬಿಟ್ಟ.